ಕೆಜಿಎಫ್‌ನ ಸೀನಿಗೆ ಕಾರಣ ದಿಬ್ಬದ ಧೂಳೋ, ಗಿಡದ ಪರಾಗವೋ?

ಮಳೆಗಾಲ ಮುಗಿಯುತ್ತಾ ಬಂದಂತೆ ಕೋಲಾರ ಚಿನ್ನದ ಗಣಿ ಪ್ರದೇಶ ಮತ್ತು ಬಂಗಾರಪೇಟೆಯ ಎಷ್ಟೋ ಮನೆಗಳಲ್ಲಿ ಬೆಳಗ್ಗೆ ಎದ್ದ ಕೂಡಲೇ ಸೀನು ಶುರುವಾಗುತ್ತದೆ. ಒಂದಲ್ಲ ಎರಡಲ್ಲ, ಸಾಲಾಗಿ ಹತ್ತು ಹದಿನೈದು. ಮೂಗಿನಿಂದ ನೀರು ಸುರಿಯುತ್ತದೆ, ಕಣ್ಣು ತುರಿಸುತ್ತದೆ, ಅಂಗಳು ಕಡಿಯುತ್ತದೆ. ಯಾಕೆ ಎಂದು ಕೇಳಿದರೆ ಕೆಜಿಎಫ್‌ನಲ್ಲಿ ಸಾಮಾನ್ಯವಾಗಿ ಸಿಗುವ ಉತ್ತರ ‘ಸೈನೈಡ್ ದಿಬ್ಬದ ಧೂಳು’. ಬಂಗಾರಪೇಟೆಯಲ್ಲಾದರೆ ‘ಹವಾ ಬದಲಾಯಿತು, ಶೀತ ಆಗಿದೆ’.

ಎರಡೂ ಕೆಲವು ಸಲ ನಿಜ. ಆದರೆ ಮೂರನೆಯ ಕಾರಣವೊಂದಿದೆ: ಗಾಳಿಯಲ್ಲಿ ತೇಲಿ ಬರುವ ಪರಾಗ. ಧೂಳು, ಶೀತ, ಪರಾಗ ಈ ಮೂರನ್ನೂ ಒಂದೇ ಎಂದುಕೊಂಡರೆ ಮದ್ದು ತಪ್ಪುತ್ತದೆ. ಶೀತಕ್ಕೆ ಮಾಡಿದ ಕಷಾಯ ಪರಾಗದ ಅಲರ್ಜಿಯನ್ನು ತಡೆಯುವುದಿಲ್ಲ. ಅಲರ್ಜಿ ಎಂದು ಮಾತ್ರೆ ನುಂಗುತ್ತಾ ಕುಳಿತರೆ, ಗಣಿಯಲ್ಲಿ ದುಡಿದವರ ಶ್ವಾಸಕೋಶದ ಕಾಯಿಲೆ ಸದ್ದಿಲ್ಲದೆ ಬೆಳೆಯಬಹುದು. ಆದ್ದರಿಂದ ಪರಾಗದ ಅಲರ್ಜಿ ಎಂದರೇನು, ಅದನ್ನು ಗುರುತಿಸುವುದು ಹೇಗೆ, ಮನೆಯಲ್ಲೇ ಮಾಡಬಹುದಾದ ಯಾವ ಉಪಾಯಗಳು ನಿಜಕ್ಕೂ ಫಲ ಕೊಡುತ್ತವೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ಪರಾಗಕ್ಕೆ ದೇಹ ಯಾಕೆ ಸಿಟ್ಟಾಗುತ್ತದೆ?

ಹೂವಿನ ಗಂಡು ಭಾಗದಲ್ಲಿರುವ ಪುಡಿಯೇ ಪರಾಗ. ಕೆಲವು ಗಿಡಗಳ ಪರಾಗವನ್ನು ಜೇನು, ದುಂಬಿ, ನೊಣಗಳು ಒಯ್ಯುತ್ತವೆ. ಅದು ಅಂಟಂಟಾಗಿ, ಭಾರವಾಗಿ ಇರುವುದರಿಂದ ದೂರ ಹಾರುವುದಿಲ್ಲ. ಗಾಳಿಯನ್ನೇ ನಂಬಿದ ಗಿಡಗಳ ಪರಾಗ ಒಣಗಿ ಹಗುರವಾಗಿರುತ್ತದೆ ಮತ್ತು ರಾಶಿ ರಾಶಿಯಾಗಿ ಉದುರುತ್ತದೆ. ಇಂಥ ಕಣಗಳ ಗಾತ್ರ ಸಾಮಾನ್ಯವಾಗಿ 15ರಿಂದ 50 ಮೈಕ್ರಾನ್. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್ ಎಂದರೆ, ಇವು ಕಣ್ಣಿಗೆ ಬೀಳದೆ ಮೂಗಿಗೆ ನುಗ್ಗುವುದು ಎಷ್ಟು ಸುಲಭ ಎಂದು ಊಹಿಸಬಹುದು.

ಹೆಚ್ಚಿನವರಿಗೆ ಇದರಿಂದ ಏನೂ ಆಗದು. ಕೆಲವರ ದೇಹದ ರಕ್ಷಣಾ ವ್ಯವಸ್ಥೆ ಮಾತ್ರ ಈ ಪುಡಿಯನ್ನು ಶತ್ರು ಎಂದು ಭಾವಿಸಿ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿಡುತ್ತದೆ. ಅದು ಮೂಗು, ಕಣ್ಣು, ಗಂಟಲಿನ ಒಳಪದರದಲ್ಲಿರುವ ಮಾಸ್ಟ್ ಕೋಶಗಳ ಮೇಲೆ ಕಾದು ಕೂರುತ್ತದೆ. ಮುಂದಿನ ಸಲ ಅದೇ ಪರಾಗ ಬಂದಾಗ ಆ ಕೋಶಗಳು ಒಡೆದು ಹಿಸ್ಟಮಿನ್ ಎಂಬ ರಾಸಾಯನಿಕ ಹೊರಬೀಳುತ್ತದೆ. ಸೀನು, ತುರಿಕೆ, ನೀರು ಸುರಿಯುವುದು ಎಲ್ಲವೂ ಅದರದೇ ಕೆಲಸ. ಮೊದಲ ವರ್ಷ ಏನೂ ಆಗದೆ, ಊರಿಗೆ ಬಂದು ಕೆಲವು ವರ್ಷಗಳಾದ ಮೇಲೆ ಅಲರ್ಜಿ ಕಾಣಿಸಿಕೊಳ್ಳುವುದು ಇದೇ ಕಾರಣಕ್ಕೆ. ತಂದೆ ತಾಯಿಗೆ ಅಲರ್ಜಿ ಅಥವಾ ಉಬ್ಬಸ ಇದ್ದರೆ ಮಕ್ಕಳಿಗೆ ಬರುವ ಸಾಧ್ಯತೆ ಹೆಚ್ಚು.

ಇಂಗ್ಲಿಷಿನಲ್ಲಿ ಇದನ್ನು ‘ಹೇ ಫೀವರ್’ ಎನ್ನುತ್ತಾರೆ. ಹೆಸರಿನಲ್ಲಿ ಒಣಹುಲ್ಲೂ ಇದೆ, ಜ್ವರವೂ ಇದೆ. ಆದರೆ ಈ ಕಾಯಿಲೆಯಲ್ಲಿ ಜ್ವರ ಬರುವುದೇ ಇಲ್ಲ. ಇದಕ್ಕೆ ಪರಾಗವೇ ಕಾರಣ ಎಂದು ತೋರಿಸಿಕೊಟ್ಟವರು ಮ್ಯಾಂಚೆಸ್ಟರಿನ ವೈದ್ಯ ಚಾರ್ಲ್ಸ್ ಬ್ಲ್ಯಾಕ್ಲಿ. ಸ್ವತಃ ಈ ತೊಂದರೆ ಇದ್ದ ಅವರು ತಮ್ಮ ಮೇಲೆಯೇ ಪರಾಗವನ್ನು ಪ್ರಯೋಗಿಸಿ ನೋಡಿ, 1873ರಲ್ಲಿ ಫಲಿತಾಂಶವನ್ನು ಪುಸ್ತಕವಾಗಿ ಪ್ರಕಟಿಸಿದರು.

ನಮ್ಮ ಕಡೆ ಮುಖ್ಯ ಆರೋಪಿ ಯಾರು?

ಬಣ್ಣ ಬಣ್ಣದ ಹೂ ಬಿಡುವ ಗುಲ್‌ಮೊಹರ್, ಗಮಗಮಿಸುವ ಹೊಂಗೆ, ಮಾವಿನ ಹೂ ಇವುಗಳ ಮೇಲೆ ಮೊದಲು ಅನುಮಾನ ಬರುತ್ತದೆ. ಆದರೆ ಇವು ಕೀಟಗಳನ್ನು ನಂಬಿದ ಮರಗಳು. ಮಾವು ಹೂ ಬಿಟ್ಟ ಕಾಲದಲ್ಲಿ ತೋಟದ ಬಳಿ ಮೂಗು ಉರಿದರೆ, ಸಿಂಪಡಿಸಿದ ಔಷಧದ ವಾಸನೆ ಕಾರಣವಿರಬಹುದೇ ಎಂದೂ ಯೋಚಿಸಬೇಕು.

ನಿಜವಾದ ಮುಖ್ಯ ಆರೋಪಿ ನಮ್ಮ ಕಣ್ಣೆದುರೇ ಬೆಳೆಯುವ ಕಾಂಗ್ರೆಸ್ ಗಿಡ, ಅಂದರೆ ಪಾರ್ಥೇನಿಯಂ. ಅಮೆರಿಕ ಖಂಡದ ಮೂಲದ ಈ ಕಳೆ ಭಾರತದಲ್ಲಿ ಗಮನಕ್ಕೆ ಬಂದದ್ದು 1950ರ ದಶಕದ ಮಧ್ಯದಲ್ಲಿ, ಪುಣೆಯಲ್ಲಿ. ಆಮದಾದ ಗೋಧಿಯ ಜೊತೆ ಬಂತು ಎಂಬ ಮಾತು ಜನಜನಿತ. ಬಿಳಿ ಹೂವು ಕಾಂಗ್ರೆಸ್ಸಿಗರ ಟೋಪಿಯಂತೆ ಕಾಣುವುದರಿಂದ ಆ ಹೆಸರು ಎನ್ನುತ್ತಾರೆ. ಒಂದೇ ಗಿಡ ಹತ್ತು ಸಾವಿರಕ್ಕೂ ಹೆಚ್ಚು ಬೀಜ ಬಿಡಬಲ್ಲದು. ಅಗೆದು ಬಿಟ್ಟ ಮಣ್ಣು, ಖಾಲಿ ಸೈಟು, ರಸ್ತೆಯ ಅಂಚು, ರೈಲು ಹಳಿಯ ಬದಿ ಇದಕ್ಕೆ ಅಚ್ಚುಮೆಚ್ಚು. ಗಣಿಗಳು 2001ರ ಫೆಬ್ರವರಿ 28ರಂದು ಮುಚ್ಚಿದ ಮೇಲೆ ಪಾಳುಬಿದ್ದ ಜಾಗಗಳು, ಮಾರಿಕುಪ್ಪಂನಿಂದ ಬಂಗಾರಪೇಟೆವರೆಗಿನ ಹಳಿಯ ಬದಿಗಳು ಇಂಥ ನೆಲವೇ.

ಇದು ಬರೀ ಅನುಮಾನವಲ್ಲ. 1991ರಲ್ಲಿ ಪ್ರಕಟವಾದ ಬೆಂಗಳೂರಿನ ಅಧ್ಯಯನವೊಂದು ಅಲ್ಲಿನ ಜನರಲ್ಲಿ ಸುಮಾರು ಶೇ 7ರಷ್ಟು ಮಂದಿಗೆ ಕಾಂಗ್ರೆಸ್ ಗಿಡದ ಪರಾಗದಿಂದ ಮೂಗಿನ ಅಲರ್ಜಿ ಇದೆ ಎಂದು ಕಂಡುಕೊಂಡಿತ್ತು. ಬಂಗಾರಪೇಟೆ ಅಲ್ಲಿಂದ ಸುಮಾರು 70 ಕಿ.ಮೀ. ಅದೇ ಬಯಲುಸೀಮೆ, ಅದೇ ಗಿಡ.

ಗಾಳಿಗೆ ಪರಾಗ ಬಿಡುವ ಇನ್ನಿತರ ಗಿಡಗಳೂ ಇವೆ: ಗರಿಕೆಯಂಥ ಹುಲ್ಲುಗಳು, ಹೊಲದ ಬದುವಿನ ಹರಳು ಗಿಡ, ಮುಳ್ಳುದಂಟು, ಸರ್ವೆ ಮರ, ಬಳ್ಳಾರಿ ಜಾಲಿ.

ಯಾವ ಕಾಲದಲ್ಲಿ ಹೆಚ್ಚು?

ಕೋಲಾರ ಜಿಲ್ಲೆಯಲ್ಲಿ ಮಳೆ ಹೆಚ್ಚು ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಮಳೆ ಬಿದ್ದ ಮೇಲೆ ಮೊಳೆಯುವ ಕಾಂಗ್ರೆಸ್ ಗಿಡ ನಾಲ್ಕರಿಂದ ಆರು ವಾರಗಳಲ್ಲಿ ಹೂ ಬಿಡುತ್ತದೆ. ಹುಲ್ಲೂ ಇದೇ ಹೊತ್ತಿಗೆ ತೆನೆ ಬಿಡುತ್ತದೆ. ಆದ್ದರಿಂದ ಆಗಸ್ಟ್‌ನಿಂದ ಡಿಸೆಂಬರ್‌ವರೆಗೆ ಹುಲ್ಲು ಮತ್ತು ಕಳೆಯ ಪರಾಗದ ಕಾಲ ಎನ್ನಬಹುದು. ನೀರು ನಿಲ್ಲುವ ಜಾಗದಲ್ಲಿ, ಚರಂಡಿ ಬದಿಯಲ್ಲಿ ಕಾಂಗ್ರೆಸ್ ಗಿಡ ವರ್ಷವಿಡೀ ಹೂ ಬಿಡುವುದರಿಂದ ಕೆಲವರಿಗೆ ತೊಂದರೆ ನಿಲ್ಲುವುದೇ ಇಲ್ಲ.

ಡಿಸೆಂಬರ್, ಜನವರಿಯ ಹೊತ್ತಿಗೆ ರಾಗಿ ಒಕ್ಕಣೆ. ರಸ್ತೆಯ ಮೇಲೆ ಹುಲ್ಲು ಹರಡಿದಾಗ ಏಳುವ ಧೂಳಿನಲ್ಲಿ ಹೊಟ್ಟು, ಬೂಷ್ಟಿನ ಕಣಗಳು ಇರುತ್ತವೆ. ಪರಾಗದ ಅಲರ್ಜಿ ಇದ್ದವರ ಮೂಗು ಆಗಲೇ ಕೆರಳಿರುವುದರಿಂದ ಇದೂ ಸೇರಿ ಕಷ್ಟ ಹೆಚ್ಚುತ್ತದೆ.

ಶೀತವೋ, ಧೂಳೋ, ಅಲರ್ಜಿಯೋ?

ಶೀತ ವೈರಸ್‌ನಿಂದ ಬರುವಂಥದ್ದು. ಮೈಕೈ ನೋವು, ಗಂಟಲು ನೋವು, ಕೆಲವೊಮ್ಮೆ ಜ್ವರ ಇರುತ್ತದೆ. ಸಿಂಬಳ ಗಟ್ಟಿಯಾಗುತ್ತದೆ. ಒಂದು ವಾರ, ಹತ್ತು ದಿನದಲ್ಲಿ ಇಳಿಯುತ್ತದೆ. ಮನೆಯಲ್ಲಿ ಒಬ್ಬರಿಂದ ಇನ್ನೊಬ್ಬರಿಗೆ ಹರಡುತ್ತದೆ.

ಪರಾಗದ ಅಲರ್ಜಿಯಲ್ಲಿ ಜ್ವರ ಇರುವುದಿಲ್ಲ. ಮೂಗು, ಕಣ್ಣು, ಅಂಗಳಿನ ತುರಿಕೆಯೇ ಮುಖ್ಯ ಗುರುತು. ಸಿಂಬಳ ನೀರಿನಂತೆ ತೆಳ್ಳಗಿರುತ್ತದೆ. ವಾರಗಟ್ಟಲೆ ಇರುತ್ತದೆ, ಪ್ರತಿ ವರ್ಷ ಅದೇ ತಿಂಗಳಲ್ಲಿ ಮರಳಿ ಬರುತ್ತದೆ. ಇನ್ನೊಬ್ಬರಿಗೆ ಅಂಟುವುದಿಲ್ಲ.

ಇನ್ನು ದಿಬ್ಬದ ಧೂಳು. ನೂರಕ್ಕೂ ಹೆಚ್ಚು ವರ್ಷ ಅದಿರನ್ನು ನುಣ್ಣಗೆ ಪುಡಿ ಮಾಡಿ, ಸೈನೈಡ್ ದ್ರಾವಣದಿಂದ ಚಿನ್ನ ಬೇರ್ಪಡಿಸಿ, ಉಳಿದ ಪುಡಿಯನ್ನು ಸುರಿದದ್ದೇ ಈ ದಿಬ್ಬಗಳಾಗಿವೆ. ಆಷಾಢದ ಗಾಳಿಗೂ ಬೇಸಿಗೆಯ ಸುಂಟರಗಾಳಿಗೂ ಅದು ಎದ್ದು ಮನೆಯೊಳಗೆ ಬರುತ್ತದೆ. ಇದು ಕಲ್ಲಿನ ಪುಡಿ. ಪರಾಗದಂತೆ ಐಜಿಇ ಅಲರ್ಜಿ ಹುಟ್ಟಿಸುವುದಿಲ್ಲ, ಮೂಗು ಗಂಟಲನ್ನು ಉರಿಸುತ್ತದೆ, ಕೆಮ್ಮು ತರುತ್ತದೆ. ಗಾಳಿ ಬೀಸಿದ ದಿನ ಮನೆಯವರಿಗೆಲ್ಲ ತೊಂದರೆ, ಗಾಳಿ ನಿಂತರೆ ಕಡಿಮೆ. ಅಲರ್ಜಿಯಾದರೆ ಅದೇ ಮನೆಯಲ್ಲಿ ಒಬ್ಬರೋ ಇಬ್ಬರೋ ಸೀನುತ್ತಾರೆ, ಉಳಿದವರು ಆರಾಮವಾಗಿರುತ್ತಾರೆ. ಹಾಗೆಂದು ಧೂಳನ್ನು ಹಗುರವಾಗಿ ಕಾಣುವಂತಿಲ್ಲ. ಉಬ್ಬಸ ಇದ್ದವರಿಗೆ ಇದು ಬೇರೆಯದೇ ಆದ ಅಪಾಯ.

ಗುರುತಿಸಲು ಸುಲಭ ದಾರಿ ಒಂದಿದೆ. ಮನೆಯ ಕ್ಯಾಲೆಂಡರ್ ಮೇಲೆ ಎರಡು ತಿಂಗಳ ಕಾಲ ಸೀನು ಬಂದ ದಿನಕ್ಕೆ ಒಂದು ಗುರುತು, ಜೋರು ಗಾಳಿ ಬೀಸಿದ ದಿನಕ್ಕೆ ಇನ್ನೊಂದು ಗುರುತು ಹಾಕಿ. ಆ ದಿನ ಎಲ್ಲಿಗೆ ಹೋಗಿದ್ದಿರಿ ಎಂದೂ ಬರೆಯಿರಿ. ಗಾಳಿಯಿಲ್ಲದ ದಿನವೂ ಸೀನು ಬಂದು, ಬೇರೆ ಊರಿಗೆ ಹೋದಾಗ ನಿಂತರೆ ಅಲರ್ಜಿಯ ಅನುಮಾನ ಬಲವಾಗುತ್ತದೆ. ಈ ಪುಟವನ್ನು ವೈದ್ಯರಿಗೆ ತೋರಿಸಿದರೆ ಅವರ ಕೆಲಸವೂ ಸುಲಭ. ಖಚಿತವಾಗಿ ತಿಳಿಯಲು ಚರ್ಮದ ಮೇಲೆ ಮಾಡುವ ಅಲರ್ಜಿ ಪರೀಕ್ಷೆ ಅಥವಾ ರಕ್ತ ಪರೀಕ್ಷೆ ಇದೆ.

ಗಣಿಯಲ್ಲಿ ದುಡಿದವರಿಗೆ ಒಂದು ಮಾತು

ಕಲ್ಲಿನ ಧೂಳು ವರ್ಷಗಟ್ಟಲೆ ಶ್ವಾಸಕೋಶಕ್ಕೆ ಸೇರಿದರೆ ಬರುವ ಕಾಯಿಲೆ ಸಿಲಿಕೋಸಿಸ್. ಭಾರತದಲ್ಲಿ ಅದು ಮೊದಲು ವರದಿಯಾದದ್ದು ಕೋಲಾರ ಚಿನ್ನದ ಗಣಿಯಿಂದಲೇ, 1947ರಲ್ಲಿ. ಕೆಲಸ ಬಿಟ್ಟು ಎಷ್ಟೋ ವರ್ಷಗಳಾದ ಮೇಲೂ ಇದು ಕಾಣಿಸಿಕೊಳ್ಳಬಹುದು, ಕ್ಷಯರೋಗ ತಗಲುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ.

ನಿಮ್ಮ ಮನೆಯಲ್ಲಿ ಗಣಿಯೊಳಗೆ ದುಡಿದ ಅಜ್ಜನೋ ತಂದೆಯೋ ಇದ್ದು, ಅವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು, ಎರಡು ವಾರ ದಾಟಿದ ಕೆಮ್ಮು, ತೂಕ ಇಳಿಯುವುದು, ಸಂಜೆ ಜ್ವರ, ಕಫದಲ್ಲಿ ರಕ್ತ ಇವುಗಳಲ್ಲಿ ಯಾವುದೇ ಒಂದಿದ್ದರೂ ಅದನ್ನು ಅಲರ್ಜಿ ಎಂದು ಕರೆದು ಸುಮ್ಮನಾಗಬೇಡಿ. ಪರಾಗದ ಅಲರ್ಜಿ ಮೂಗು ಕಣ್ಣಿನಲ್ಲಿ ಆಟವಾಡುತ್ತದೆ, ತೂಕ ಇಳಿಸುವುದಿಲ್ಲ. ಸರ್ಕಾರಿ ಆಸ್ಪತ್ರೆಗಳಲ್ಲಿ ಕ್ಷಯರೋಗದ ಕಫ ಪರೀಕ್ಷೆ ಉಚಿತ. ಎದೆಯ ಎಕ್ಸ್‌ರೇ ಮಾಡಿಸಿ, ಎಷ್ಟು ವರ್ಷ ಗಣಿಯಲ್ಲಿ ಕೆಲಸ ಮಾಡಿದ್ದರು ಎಂಬುದನ್ನು ವೈದ್ಯರಿಗೆ ಮರೆಯದೆ ಹೇಳಿ.

ಔಷಧವಿಲ್ಲದೆ ಏನು ಮಾಡಬಹುದು?

ಸಹಜ ಪರಿಹಾರ ಎಂದ ಕೂಡಲೇ ಏನನ್ನು ಕುಡಿಯಬೇಕು ಎಂದು ಕೇಳುತ್ತೇವೆ. ಆದರೆ ಪರಾಗದ ಅಲರ್ಜಿಯಲ್ಲಿ ಹೊಟ್ಟೆಗೆ ಹಾಕುವುದಕ್ಕಿಂತ ಮೂಗಿಗೆ ಸೇರದಂತೆ ನೋಡಿಕೊಳ್ಳುವುದೇ ಹೆಚ್ಚು ಫಲ ಕೊಡುತ್ತದೆ.

ಮೊದಲನೆಯದು ತೊಳೆಯುವುದು. ಹೊರಗಿಂದ ಬಂದ ಕೂಡಲೇ ಮುಖ, ಕಣ್ಣು, ಕೈ ತೊಳೆಯಿರಿ, ಬಟ್ಟೆ ಬದಲಿಸಿ. ಬೆಂಗಳೂರಿಗೆ ದಿನವೂ ರೈಲಿನಲ್ಲಿ ಓಡಾಡುವವರು ಕಿಟಕಿಯ ಪಕ್ಕ ಕೂರದಿದ್ದರೆ ಒಳ್ಳೆಯದು, ಸಂಜೆ ಮನೆಗೆ ಬಂದು ತಲೆಗೂ ನೀರು ಹಾಕಿಕೊಂಡರೆ ಕೂದಲಿನ ಪರಾಗ ರಾತ್ರಿ ದಿಂಬಿಗೆ ಸೇರುವುದಿಲ್ಲ. ಕಣ್ಣು ತುರಿಸಿದರೆ ಉಜ್ಜಬೇಡಿ, ತಣ್ಣೀರಲ್ಲಿ ಅದ್ದಿದ ಬಟ್ಟೆ ಇಟ್ಟುಕೊಳ್ಳಿ.

ಎರಡನೆಯದು ತಡೆಯುವುದು. ಹೂವಿನ ಕಾಲದಲ್ಲಿ ಹಾಸಿಗೆ, ಮಕ್ಕಳ ಬಟ್ಟೆಯನ್ನು ಖಾಲಿ ಸೈಟಿನ ಪಕ್ಕದ ತಂತಿಯ ಮೇಲೆ ಒಣಹಾಕಬೇಡಿ. ಬೆಳಗಿನ ಹೊತ್ತು ಆ ಕಡೆಯ ಕಿಟಕಿ ಮುಚ್ಚಿರಲಿ. ಒಣ ಪೊರಕೆಯಿಂದ ಗುಡಿಸುವ ಬದಲು ಒದ್ದೆ ಬಟ್ಟೆಯಿಂದ ಒರೆಸಿ. ಇದು ದಿಬ್ಬದ ಧೂಳಿಗೂ ಸಲ್ಲುತ್ತದೆ. ಹೊರಗೆ ಕೆಲಸವಿದ್ದರೆ ಮುಖಕ್ಕೆ ಸರಿಯಾಗಿ ಕೂರುವ ಎನ್-95 ಮಾಸ್ಕ್, ಕಣ್ಣಿಗೆ ಕನ್ನಡಕ ಹಾಕಿ. ಮೂಗಿನ ಹೊಳ್ಳೆಯ ಅಂಚಿಗೆ ತೆಳ್ಳಗೆ ವ್ಯಾಸಲೀನ್ ಹಚ್ಚಿದರೆ ಸ್ವಲ್ಪ ಪರಾಗ ಅಲ್ಲೇ ಅಂಟಿಕೊಳ್ಳುತ್ತದೆ.

ಮೂರನೆಯದು ಉಪ್ಪುನೀರಿನಿಂದ ಮೂಗು ತೊಳೆಯುವುದು. ಯೋಗದಲ್ಲಿ ಇದನ್ನೇ ಜಲನೇತಿ ಎನ್ನುತ್ತಾರೆ. ಮನೆಯ ಉಪಾಯಗಳಲ್ಲಿ ಸ್ವಲ್ಪವಾದರೂ ಪುರಾವೆ ಇರುವುದು ಇದಕ್ಕೆ. ಹಲವು ಅಧ್ಯಯನಗಳನ್ನು ಒಟ್ಟುಮಾಡಿ 2018ರಲ್ಲಿ ಪ್ರಕಟವಾದ ಕಾಕ್ರೇನ್ ವಿಮರ್ಶೆ, ಇದರಿಂದ ಮೂಗಿನ ಅಲರ್ಜಿಯ ಲಕ್ಷಣಗಳು ಕಡಿಮೆಯಾಗಬಹುದು ಎಂದು ಹೇಳಿತು. ಪುರಾವೆಯ ಗುಣಮಟ್ಟ ಇನ್ನೂ ಸುಧಾರಿಸಬೇಕು ಎಂದೂ ಸೇರಿಸಿತು.

ಮಾಡುವ ಕ್ರಮ ಹೀಗೆ. ಒಂದು ಲೀಟರ್ ನೀರನ್ನು ಚೆನ್ನಾಗಿ ಕುದಿಸಿ ಉಗುರುಬೆಚ್ಚಗೆ ಆರಿಸಿ. ಸುಮಾರು 9 ಗ್ರಾಂ, ಅಂದರೆ ಒಂದೂವರೆ ಟೀ ಚಮಚ ಪುಡಿ ಉಪ್ಪು ಕರಗಿಸಿ. ಚಿಟಿಕೆ ಅಡುಗೆ ಸೋಡಾ ಸೇರಿಸಿದರೆ ಉರಿ ಕಡಿಮೆ. ತೊಟ್ಟಿಯ ಮೇಲೆ ಬಾಗಿ, ತಲೆಯನ್ನು ಒಂದು ಪಕ್ಕಕ್ಕೆ ವಾಲಿಸಿ, ಬಾಯಿಯಿಂದ ಉಸಿರಾಡುತ್ತಾ ಮೇಲಿನ ಹೊಳ್ಳೆಗೆ ನಿಧಾನವಾಗಿ ನೀರು ಬಿಡಿ. ಅದು ಇನ್ನೊಂದು ಹೊಳ್ಳೆಯಿಂದ ಹೊರಬರುತ್ತದೆ. ಆಮೇಲೆ ಮೆಲ್ಲಗೆ ಸೀದಿ. ಪಾತ್ರೆಯನ್ನು ಪ್ರತಿ ಸಲ ತೊಳೆದು ಒಣಗಿಸಿ.

ನೀರಿನ ವಿಷಯದಲ್ಲಿ ರಾಜಿ ಬೇಡ. ಕೊಳವೆಬಾವಿಯದಾಗಲಿ, ಟ್ಯಾಂಕರಿನದಾಗಲಿ, ಶುದ್ಧ ನೀರಿನ ಘಟಕದಿಂದ ಕ್ಯಾನಿನಲ್ಲಿ ತಂದದ್ದಾಗಲಿ, ಕುದಿಸದೆ ಮೂಗಿಗೆ ಬಿಡಬೇಡಿ. ಕುಡಿದರೆ ಏನೂ ಮಾಡದ ಅಮೀಬಾ ಒಂದು ಮೂಗಿನ ಮೂಲಕ ಮೆದುಳಿಗೆ ಸೇರಿ ಪ್ರಾಣ ತೆಗೆಯಬಲ್ಲದು. ಇದು ಅಪರೂಪ, ಆದರೆ ಕುದಿಸುವುದಕ್ಕೆ ತಗಲುವುದು ಕೆಲವೇ ನಿಮಿಷ. ಕಿವಿನೋವು ಇದ್ದಾಗ, ಮೂಗು ಪೂರ್ತಿ ಕಟ್ಟಿದಾಗ, ಚಿಕ್ಕ ಮಕ್ಕಳಿಗೆ ವೈದ್ಯರನ್ನು ಕೇಳದೆ ಇದನ್ನು ಮಾಡಬೇಡಿ.

ನಂಬಿಕೆ ಮತ್ತು ವಾಸ್ತವ

‘ಊರಿನ ಜೇನು ತಿಂದರೆ ಪರಾಗ ಅಭ್ಯಾಸವಾಗುತ್ತದೆ.’ ಕೇಳಲು ಸರಿ ಎನಿಸುತ್ತದೆ. ಆದರೆ ಜೇನಿನಲ್ಲಿರುವುದು ಹೆಚ್ಚಾಗಿ ಜೇನುನೊಣ ಹುಡುಕಿ ಹೋಗುವ ಹೂವಿನ ಪರಾಗ, ಸೀನು ತರಿಸುವುದು ಗಾಳಿಯ ಪರಾಗ. 2002ರಲ್ಲಿ ಅಮೆರಿಕದಲ್ಲಿ 36 ಮಂದಿಯ ಮೇಲೆ ನಡೆದ ಪರೀಕ್ಷೆಯಲ್ಲಿ ಊರಿನ ಜೇನಿಗೂ ಜೇನಿನ ರುಚಿಯ ಪಾಕಕ್ಕೂ ವ್ಯತ್ಯಾಸ ಕಾಣಲಿಲ್ಲ. ಒಂದು ವರ್ಷದೊಳಗಿನ ಮಗುವಿಗಂತೂ ಜೇನು ನೆಕ್ಕಿಸಲೇಬಾರದು.

‘ರೋಗನಿರೋಧಕ ಶಕ್ತಿ ಕಡಿಮೆಯಾದ್ದರಿಂದ ಅಲರ್ಜಿ.’ ಇಲ್ಲಿ ರಕ್ಷಣಾ ವ್ಯವಸ್ಥೆ ಸೋತಿಲ್ಲ, ಬೇಡದ ಕಡೆ ಅತಿಯಾಗಿ ಕೆಲಸ ಮಾಡುತ್ತಿದೆ. ಶಕ್ತಿ ಹೆಚ್ಚಿಸುತ್ತೇವೆ ಎನ್ನುವ ಪುಡಿ, ಟಾನಿಕ್‌ಗೆ ಹಣ ಸುರಿಯುವ ಅಗತ್ಯವಿಲ್ಲ.

‘ತುಳಸಿ, ಮೆಣಸು, ಅರಿಶಿನದ ಕಷಾಯ ಅಲರ್ಜಿ ಹೋಗಿಸುತ್ತದೆ.’ ಬಿಸಿಯಾಗಿ ಕುಡಿದರೆ ಗಂಟಲಿಗೆ ಹಿತ. ಪರಾಗದ ಅಲರ್ಜಿ ವಾಸಿಯಾಗುತ್ತದೆ ಎಂಬುದಕ್ಕೆ ಗಟ್ಟಿ ಪುರಾವೆ ಇಲ್ಲ. ಮಿತವಾಗಿ ಕುಡಿಯಲು ಅಡ್ಡಿಯಿಲ್ಲ.

‘ನೀಲಗಿರಿ ಎಣ್ಣೆ ಹಾಕಿ ಹಬೆ ತೆಗೆದುಕೊಂಡರೆ ಸರಿಹೋಗುತ್ತದೆ.’ ಹಬೆಯಿಂದ ಕಟ್ಟಿದ ಮೂಗು ಸ್ವಲ್ಪ ಹೊತ್ತು ಬಿಟ್ಟಂತಾಗುತ್ತದೆ, ಅಷ್ಟೇ. ಬಿಸಿನೀರಿನ ಪಾತ್ರೆ ಉರುಳಿ ಮಕ್ಕಳು ಸುಟ್ಟುಕೊಳ್ಳುವ ಅಪಾಯವಿದೆ. ನೀಲಗಿರಿ ಎಣ್ಣೆಯಿಂದ ಫಿಟ್ಸ್ ಬಂದ ಪ್ರಕರಣಗಳನ್ನು ಬೆಂಗಳೂರಿನ ನರರೋಗ ತಜ್ಞರು ವರದಿ ಮಾಡಿದ್ದಾರೆ. ಮಕ್ಕಳಿಗೂ ಫಿಟ್ಸ್ ಇರುವವರಿಗೂ ಅದು ಬೇಡ.

‘ಸಾಂಬ್ರಾಣಿ ಹೊಗೆ ಮನೆ ಶುದ್ಧ ಮಾಡುತ್ತದೆ.’ ಕೆರಳಿದ ಮೂಗಿಗೆ, ಉಬ್ಬಸ ಇರುವವರಿಗೆ ಯಾವ ಹೊಗೆಯೂ ಒಳ್ಳೆಯದಲ್ಲ. ಸೊಳ್ಳೆ ಬತ್ತಿಯ ಹೊಗೆಗೂ ಇದೇ ಮಾತು.

‘ಮಳೆ ಬಂದರೆ ಪರಾಗವೆಲ್ಲ ತೊಳೆದುಹೋಗುತ್ತದೆ.’ ಸಾಮಾನ್ಯ ಮಳೆಗೆ ಇದು ಬಹುಮಟ್ಟಿಗೆ ನಿಜ. ಗುಡುಗು ಗಾಳಿಯ ಮಳೆಯಲ್ಲಿ ಮಾತ್ರ ಪರಾಗ ಒದ್ದೆಯಾಗಿ ಒಡೆದು ಇನ್ನೂ ಸಣ್ಣ ಚೂರುಗಳಾಗಿ ಶ್ವಾಸಕೋಶದ ಆಳಕ್ಕೆ ಇಳಿಯಬಲ್ಲದು. 2016ರ ನವೆಂಬರ್ 21ರಂದು ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಇಂಥ ಮಳೆಗಾಳಿಯ ನಂತರ ಸಾವಿರಾರು ಜನರಿಗೆ ಉಸಿರು ಕಟ್ಟಿತು, ಹತ್ತು ಮಂದಿ ಸತ್ತರು. ಉಬ್ಬಸ ಇದ್ದವರು ಗುಡುಗು ಮಳೆಯ ಹೊತ್ತಿನಲ್ಲಿ ಒಳಗಿರುವುದು ಲೇಸು.

ಔಷಧಕ್ಕೆ ಹಿಂಜರಿಯಬೇಕೇ?

ಮೇಲಿನ ಉಪಾಯಗಳಿಂದ ನಿದ್ದೆ, ಓದು, ಕೆಲಸ ಸರಿಹೋಗದಿದ್ದರೆ ಔಷಧ ತೆಗೆದುಕೊಳ್ಳುವುದು ಸೋಲಲ್ಲ. ಸಿಟ್ರಿಜಿನ್, ಲೊರಾಟಡಿನ್‌ನಂಥ ಮಾತ್ರೆಗಳು ಹಿಸ್ಟಮಿನ್‌ಗೆ ತಡೆ ಹಾಕುತ್ತವೆ. ಕೆಲವು ನಿದ್ದೆ ಬರಿಸುವುದರಿಂದ ನುಂಗಿ ಗಾಡಿ ಓಡಿಸಬೇಡಿ. ದೀರ್ಘಕಾಲದ ತೊಂದರೆಗೆ ವೈದ್ಯರು ಬರೆದುಕೊಡುವ ಮೂಗಿನ ಸ್ಟೀರಾಯ್ಡ್ ಸ್ಪ್ರೇ ಹೆಚ್ಚು ಪರಿಣಾಮಕಾರಿ. ಅದು ಚಟವಾಗುವುದಿಲ್ಲ, ಪೂರ್ತಿ ಫಲ ಸಿಗಲು ಕೆಲವು ದಿನ ಬೇಕು. ಚಟದಂತೆ ಕಾಡುವುದು ಮೆಡಿಕಲ್ ಸ್ಟೋರಿನಲ್ಲಿ ಕೇಳಿದರೆ ಸಿಗುವ, ಕಟ್ಟಿದ ಮೂಗನ್ನು ತಕ್ಷಣ ಬಿಡಿಸುವ ಡ್ರಾಪ್ಸ್. ಅದನ್ನು ಐದು ದಿನ ಮೀರಿ ಬಳಸಿದರೆ ಮೂಗು ಮೊದಲಿಗಿಂತ ಹೆಚ್ಚು ಕಟ್ಟುತ್ತದೆ. ‘ಒಂದು ಇಂಜೆಕ್ಷನ್ ಹಾಕಿಸಿಕೊಂಡರೆ ಇಡೀ ಸೀಸನ್ ಆರಾಮ’ ಎಂದು ಯಾರಾದರೂ ಹೇಳಿದರೆ ಅದರಲ್ಲಿ ಏನಿದೆ ಎಂದು ಕೇಳಿ. ಸ್ಟೀರಾಯ್ಡ್ ಇದ್ದರೆ ಸಕ್ಕರೆ ಕಾಯಿಲೆ, ಬಿಪಿ ಏರುಪೇರಾಗಬಹುದು.

ಎದೆಯಲ್ಲಿ ಸುಯ್ ಎಂಬ ಸದ್ದು, ರಾತ್ರಿ ಕೆಮ್ಮು ಇದ್ದರೆ ಅಲರ್ಜಿ ಉಬ್ಬಸಕ್ಕೆ ತಿರುಗಿರಬಹುದು, ಬೇಗ ತೋರಿಸಿ. ಮಾತು ಮುಗಿಸಲಾಗದಷ್ಟು ಏದುಸಿರು ಬಂದರೆ, ತುಟಿ ನೀಲಿಯಾದರೆ ಕಾಯದೆ 108ಕ್ಕೆ ಕರೆ ಮಾಡಿ.

ಗಿಡವನ್ನೇ ಕಿತ್ತರೆ?

ಅದೇ ಬಹಳ ದಿನ ಉಳಿಯುವ ಪರಿಹಾರ, ಆದರೆ ಕ್ರಮ ತಪ್ಪಿದರೆ ಕಿತ್ತವರೇ ನರಳುತ್ತಾರೆ. ಕಾಂಗ್ರೆಸ್ ಗಿಡ ಚರ್ಮಕ್ಕೆ ತಗಲಿದರೂ ತುರಿ, ಕಜ್ಜಿ ಎಬ್ಬಿಸುತ್ತದೆ. ಅದರ ಅಲರ್ಜಿ ಇದ್ದವರಿಗೆ ಅದೇ ಕುಟುಂಬದ ಸೇವಂತಿಗೆ ಮುಟ್ಟಿದರೂ ಕೆಲವೊಮ್ಮೆ ಹಾಗಾಗುವುದುಂಟು, ಹೂ ಬಿಡಿಸುವವರು ಗಮನಿಸಬೇಕು. ಆದ್ದರಿಂದ ಅಲರ್ಜಿ ಇಲ್ಲದವರು, ಕೈಗವಸು, ತುಂಬು ತೋಳಿನ ಅಂಗಿ, ಮಾಸ್ಕ್ ಹಾಕಿಕೊಂಡು, ನೆಲ ಒದ್ದೆಯಿರುವಾಗ, ಹೂ ಬಿಡುವ ಮೊದಲೇ ಬೇರುಸಹಿತ ಕೀಳಬೇಕು. ಶಾಲಾ ಮಕ್ಕಳಿಂದ ಶ್ರಮದಾನದ ಹೆಸರಿನಲ್ಲಿ ಬರಿಗೈಯಲ್ಲಿ ಕೀಳಿಸಬಾರದು. ಹಸಿ ಗಿಡಕ್ಕೆ ಬೆಂಕಿ ಹಾಕಿದರೆ ಹೊಗೆ ಊರಿಗೆಲ್ಲ ಹರಡುತ್ತದೆ, ಹೂ ಬಿಡದ ಗಿಡವನ್ನು ಗುಂಡಿಯಲ್ಲಿ ಗೊಬ್ಬರ ಮಾಡಬಹುದು.

ಕಿತ್ತ ಜಾಗ ಖಾಲಿ ಉಳಿದರೆ ಮುಂದಿನ ಮಳೆಗೆ ಮತ್ತೆ ಅದೇ. ತಗಚೆ, ಚೆಂಡು ಹೂವಿನಂಥ ಗಿಡಗಳು ನೆಲ ಹಿಡಿದು ಕಾಂಗ್ರೆಸ್ ಗಿಡಕ್ಕೆ ಜಾಗ ಬಿಟ್ಟುಕೊಡುವುದಿಲ್ಲ. 1983ರಲ್ಲಿ ಮೆಕ್ಸಿಕೋದಿಂದ ಬೆಂಗಳೂರಿಗೆ ತಂದ, ಈಗ ಎಲ್ಲೆಡೆ ಹರಡಿರುವ ಕೆನೆಬಣ್ಣದ, ಕಂದು ಗೆರೆಗಳ ಪುಟ್ಟ ಜೀರುಂಡೆಯೊಂದು ಇದರ ಎಲೆ ತಿಂದು ಬದುಕುತ್ತದೆ. ಗಿಡದ ಮೇಲೆ ಅದು ಕಂಡರೆ ಕೊಲ್ಲಬೇಡಿ.

ದೇಶದಲ್ಲಿ ಪ್ರತಿ ವರ್ಷ ಆಗಸ್ಟ್ 16ರಿಂದ 22ರವರೆಗೆ ಪಾರ್ಥೇನಿಯಂ ಜಾಗೃತಿ ಸಪ್ತಾಹ ನಡೆಯುತ್ತದೆ. ನಮ್ಮ ಕಡೆ ಗಿಡ ಎಳೆಯದಾಗಿ, ಹೂವಿಲ್ಲದೆ ಸಿಗುವುದೂ ಹೆಚ್ಚುಕಡಿಮೆ ಆ ಹೊತ್ತಿಗೇ. ನಿಮ್ಮ ಬೀದಿಯ ಖಾಲಿ ಸೈಟಿನ ಬಗ್ಗೆ ನಗರಸಭೆಗೋ ಪುರಸಭೆಗೋ ಅರ್ಜಿ ಕೊಡುವುದಿದ್ದರೆ ಜುಲೈನಲ್ಲೇ ಕೊಡಿ. ಅಕ್ಟೋಬರಿನಲ್ಲಿ ಸೀನುತ್ತಾ ಕೊಟ್ಟರೆ ಆ ವರ್ಷದ ಬೀಜ ಅಷ್ಟರಲ್ಲಿ ಮಣ್ಣು ಸೇರಿರುತ್ತದೆ.